ಹಳ್ಳಿಯಲ್ಲಿ ಸಂಜೆ ನಾಯಿ ಜೊತೆ ವಾಕಿಂಗ್: ಕಾಡುಪ್ರಾಣಿ ಎದುರಾದರೆ?

ನೀವು ಬೆಂಗಳೂರು ಬಿಟ್ಟು ಸಕಲೇಶಪುರದ ಹತ್ತಿರ ಒಂದು ಹಳ್ಳಿಗೆ ಬಂದಿದ್ದೀರಿ. ಜೊತೆಗೊಂದು ಲ್ಯಾಬ್ರಡಾರ್ ಇದೆ. ಸಂಜೆ ಆರೂವರೆ ಮೇಲೆ ಅದನ್ನು ಸುತ್ತಾಡಿಸಲು ಹೋದರೆ ಏನೇನು ಎದುರಾಗಬಹುದು, ಹೆದರಬೇಕಾ ಅಂತ ಕೇಳಿದ್ದೀರಿ.

ನಾನು ತೀರ್ಥಹಳ್ಳಿ ಕಡೆಯವನು. ಸಂಜೆ ನಮ್ಮ ನಾಯಿ ಕರಿಯನನ್ನು ಕಟ್ಟಿಕೊಂಡು ತೋಟದ ದಾರಿಯಲ್ಲಿ ಒಂದು ಸುತ್ತು ಹಾಕುವುದು ನನಗೂ ರೂಢಿ. ನನ್ನ ಪ್ರಕಾರ ಹೆದರಿಕೆ ಇರಬೇಕಾದ್ದು ನಿಮ್ಮ ಬಗ್ಗೆ ಕಡಿಮೆ, ನಾಯಿ ಬಗ್ಗೆ ಜಾಸ್ತಿ. ಹಾಗಾಗಿ ಹಗ್ಗ ಮಾತ್ರ ಬಿಚ್ಚಬೇಡಿ. "ನಮ್ಮದು ತುಂಬಾ ಸಾಧು" ಅನ್ನುವವರ ನಾಯಿಯೇ ಮೊದಲು ಪೊದೆಗೆ ನುಗ್ಗುವುದು.

ದಿನಾ ಸಿಗುವುದು ಸಣ್ಣಪುಟ್ಟ ಜೀವಿಗಳು. ಮುಂಗುಸಿ, ಮೊಲ, ನವಿಲು, ಅಡಿಕೆ ತೋಟದಲ್ಲಿ ಕಬ್ಬೆಕ್ಕು. ಕತ್ತಲಾಗುವ ಹೊತ್ತಿಗೆ ಮಣ್ಣು ರಸ್ತೆ ನಡುವೆ ನತ್ತಿಂಗ (ನೈಟ್‌ಜಾರ್ ಹಕ್ಕಿ) ಕೂತಿರುತ್ತದೆ. ಟಾರ್ಚ್ ಬಿಟ್ಟರೆ ಕೆಂಪು ಕಣ್ಣು ಹೊಳೆಯುತ್ತದೆ, ಹಕ್ಕಿ ಮಾತ್ರ ಕಾಣುವುದೇ ಇಲ್ಲ. ಇನ್ನೇನು ಕಾಲಿಗೆ ಸಿಕ್ಕಿತು ಅನ್ನುವಾಗ ಸದ್ದಿಲ್ಲದೆ ಎದ್ದು, ನಾಲ್ಕು ಮಾರು ಮುಂದೆ ಹೋಗಿ ಮತ್ತೆ ರಸ್ತೆಯಲ್ಲೇ ಕೂರುತ್ತದೆ. ಕರಿಯನಿಗೆ ಇದರ ಮೇಲೆ ತೀರದ ಸಿಟ್ಟು.

ಮೊಲ ಕಂಡಾಗ ನಾಯಿ ಅಟ್ಟಿಸಿಕೊಂಡು ಹೋದರೆ ನೋಡಲು ಮಜಾ ಅನ್ನಿಸಬಹುದು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ, ಅಟ್ಟಾಡಿಸುವುದೂ ಬೇಟೆಯೇ. ಬೇಕಂತಲೇ ನಾಯಿ ಛೂ ಬಿಡುವವರು ಇದನ್ನು ತಿಳಿದಿರಲಿ.

ಈಗ ಚಿರತೆ ವಿಷಯ. ಚಿರತೆಗೆ ನಾಯಿ ಸುಲಭದ ಊಟ. ಮಹಾರಾಷ್ಟ್ರದ ಅಕೋಲೆ ಕಡೆ, ಹೊಲ ಗದ್ದೆಗಳ ನಡುವೆಯೇ ಬದುಕುವ ಚಿರತೆಗಳ ಮಲವನ್ನು ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಜೊತೆಗಾರರು ಪರೀಕ್ಷೆ ಮಾಡಿದ್ದರು. ತೂಕದ ಲೆಕ್ಕದಲ್ಲಿ ಅವು ತಿಂದದ್ದರಲ್ಲಿ ಸುಮಾರು ಶೇ 39 ಭಾಗ ನಾಯಿ. ನಮ್ಮ ಕಡೆ ಇದನ್ನು ಯಾರೂ ಅಳೆದು ಹೇಳಬೇಕಾಗಿಲ್ಲ. ರಾತ್ರಿ ಜಗಲಿಯಲ್ಲಿ ಮಲಗಿದ್ದ ನಾಯಿ ಬೆಳಿಗ್ಗೆ ಇಲ್ಲ ಅಂದರೆ ಮನೆಯವರಿಗೆ ಅರ್ಥವಾಗಿಬಿಡುತ್ತದೆ.

ಒಂದು ಸಂಜೆ ತೋಟದ ತಡಮೆ ಹತ್ತಿರ ಬಂದಾಗ ಕರಿಯ ಗಕ್ಕನೆ ನಿಂತ. ಸಾಮಾನ್ಯವಾಗಿ ಎಲೆ ಅಲುಗಿದರೂ ಬೊಗಳುವ ನಾಯಿ ಅದು. ಆವತ್ತು ಉಸಿರೇ ಇಲ್ಲ. ಕುತ್ತಿಗೆಯಿಂದ ಬಾಲದ ಬುಡದ ತನಕ ಕೂದಲು ಎದ್ದಿತ್ತು, ಬಾಲ ಕಾಲ ಸಂದಿಗೆ ಸೇರಿತ್ತು. ಮೂಗು ಮೇಲೆತ್ತಿ ಒಮ್ಮೆ ಗಾಳಿ ಎಳೆದುಕೊಂಡು, ಹಗ್ಗ ಜಗ್ಗುತ್ತಾ ಮನೆ ಕಡೆ ತಿರುಗಿತು. ಅಷ್ಟರಲ್ಲಿ ಮೇಲಿನ ಹಕ್ಕಲಿನಿಂದ ಕಾಡುಕುರಿ (ಬೊಗಳುವ ಜಿಂಕೆ) ಕೂಗತೊಡಗಿತು. ಒಂದೊಂದೇ ಒರಟು ಬೊಗಳು, ನಡುವೆ ನಾಲ್ಕೈದು ಸೆಕೆಂಡ್ ಬಿಡುವು. ಗೊತ್ತಿಲ್ಲದವರು ಯಾವುದೋ ನಾಯಿ ಅಂದುಕೊಳ್ಳುತ್ತಾರೆ. ಕಾಡುಕುರಿ ಹಾಗೆ ಬಿಡದೆ ಕೂಗುತ್ತಿದೆ ಅಂದರೆ ಅದಕ್ಕೆ ಏನೋ ಕಂಡಿದೆ. ನಾವೂ ವಾಪಸ್ ಬಂದೆವು. ಬೆಳಿಗ್ಗೆ ನೋಡಿದರೆ ಬಸಿಗಾಲುವೆ ಪಕ್ಕದ ಕೆಸರಲ್ಲಿ ದುಂಡನೆಯ ಹೆಜ್ಜೆಗಳು, ಉಗುರಿನ ಗುರುತಿಲ್ಲ. ನಾಯಿ ಹೆಜ್ಜೆಯಲ್ಲಿ ಉಗುರು ಊರಿರುತ್ತದೆ, ಚಿರತೆ ನಡೆಯುವಾಗ ಉಗುರು ಒಳಗೆಳೆದುಕೊಂಡಿರುತ್ತದೆ.

ಚಿರತೆ ಎದುರೇ ಬಂದರೆ ಓಡಬೇಡಿ, ಬಗ್ಗಬೇಡಿ, ಬೆನ್ನು ತೋರಿಸಬೇಡಿ. ನಾಯಿಯನ್ನು ಕಾಲ ಹತ್ತಿರಕ್ಕೆ ಎಳೆದುಕೊಂಡು, ಗಟ್ಟಿಯಾಗಿ ಮಾತಾಡುತ್ತಾ ನಿಧಾನಕ್ಕೆ ಹಿಂದೆ ಸರಿಯಿರಿ. ಬಹಳ ಸಲ ಅದೇ ಮೊದಲು ಜಾಗ ಖಾಲಿ ಮಾಡುತ್ತದೆ.

ಕಾಟಿ (ಕಾಡುಕೋಣ) ಕಂಡರೆ ದಾರಿ ಅದಕ್ಕೆ ಬಿಟ್ಟುಕೊಡಿ, ಅಷ್ಟೇ. ಟನ್ ತೂಗುವ ಪ್ರಾಣಿ ಜೊತೆ ವಾದ ಬೇಡ. ಮರಿ ಇರುವ ಹಂದಿಗೂ ಇದೇ ಮರ್ಯಾದೆ. ಮುಳ್ಳುಹಂದಿ ಮುಳ್ಳು ಎಸೆಯುತ್ತದೆ ಅನ್ನುವುದು ಸುಳ್ಳು. ಅದು ತಿರುಗಿ ನಿಂತು ಹಿಮ್ಮುಖವಾಗಿ ನುಗ್ಗುತ್ತದೆ. ಮೂಗು ಮುಂದಿಟ್ಟುಕೊಂಡು ಹೋದ ನಾಯಿಯ ಮುಖಕ್ಕೆ ನೇರ ಚುಚ್ಚುತ್ತದೆ.

ನನಗೆ ಚಿರತೆಗಿಂತ ಜಾಸ್ತಿ ಚಿಂತೆ ಹಾವಿನದ್ದು. ಕೊಳಕುಮಂಡಲ ಕತ್ತಲಾದ ಮೇಲೆ ಬದು, ದರಗು (ಒಣಗಿದ ಎಲೆ), ಕಲ್ಲುಕಟ್ಟೆ ಪಕ್ಕ ಬಿದ್ದಿರುತ್ತದೆ. ಪ್ರೆಶರ್ ಕುಕ್ಕರ್ ಹಾಗೆ ಬುಸ್ಸೆನ್ನುತ್ತದೆ. ಮನುಷ್ಯ ಆ ಸದ್ದಿಗೆ ಹಾರಿ ಹಿಂದೆ ಬರುತ್ತಾನೆ, ನಾಯಿ ಏನಪ್ಪಾ ಅಂತ ಮೂಸಲು ಹೋಗುತ್ತದೆ. ಹಾವು ಕಚ್ಚಿದರೆ ನಾಯಿಗೂ ಕೊಡುವುದು ಮನುಷ್ಯರಿಗೆ ಕೊಡುವ ಅದೇ ವಿಷದ ಇಂಜೆಕ್ಷನ್ (ಆಂಟಿವೆನಮ್). ಅದು ನಿಮ್ಮ ಹತ್ತಿರದ ಪಶುವೈದ್ಯರಲ್ಲಿ ಇರುತ್ತದಾ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಟಾರ್ಚ್ ಬೆಳಕು ದೂರದ ಪೊದೆಗಿಂತ ನಾಯಿಯ ಮುಂಗಾಲಿನ ಎದುರಿಗೆ ಇರಲಿ.

ಇನ್ನು ಉಣುಗು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಜಿಲ್ಲೆಯದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ನಮಗೆ ಇದರ ಅಳುಕು ಸ್ವಲ್ಪ ಜಾಸ್ತಿ. ಚಳಿಗಾಲದಿಂದ ಮಳೆ ಹಿಡಿಯುವ ತನಕ ದರಗಿನ ಮೇಲೆ ಓಡಾಡಿ ಬಂದ ನಾಯಿಯನ್ನು ಹಾಗೇ ಒಳಗೆ ಬಿಡಬೇಡಿ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ನೋಡಿ. ರೇಬೀಸ್, ಡಿಸ್ಟೆಂಪರ್ ಲಸಿಕೆಯೂ ಬಾಕಿ ಇರಬಾರದು. ನಾಯಿಯಿಂದ ಡಿಸ್ಟೆಂಪರ್ ಕಾಡುಪ್ರಾಣಿಗಳಿಗೆ ಹತ್ತುತ್ತದೆ.

ಇಷ್ಟೂ ನಮ್ಮ ಕಡೆಯ ಮಾತು. ನಿಮ್ಮ ಕಡೆ ಆನೆ ಇದೆ, ಅಲ್ವಾ? ಸಕಲೇಶಪುರ, ಆಲೂರು ಭಾಗದಲ್ಲಿ ಆನೆ ಹಗಲಿಡೀ ಕಾಫಿ ತೋಟದೊಳಗೇ ನಿಂತಿದ್ದು ಸಂಜೆ ರಸ್ತೆ ದಾಟುತ್ತದೆ. ನಾಯಿ ಬೊಗಳಿ ಅದನ್ನು ರೇಗಿಸುತ್ತದೆ, ಆನೆ ತಿರುಗಿ ಬಿದ್ದರೆ ನಾಯಿ ಸೀದಾ ನಿಮ್ಮ ಹತ್ತಿರಕ್ಕೇ ಓಡಿ ಬರುತ್ತದೆ. ಹಿಂದೆ ಆನೆಯೂ ಬರುತ್ತದೆ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಆ ಭಾಗದಲ್ಲಿ ಮೊಬೈಲ್‌ಗೆ ಸಂದೇಶ ಕಳಿಸುತ್ತಾರೆ, ನಿಮ್ಮ ನಂಬರ್ ಸೇರಿಸಿಕೊಳ್ಳಿ ಅಂತ ಹೇಳಿ. ಪಕ್ಕದ ತೋಟದ ಕೆಲಸದವರನ್ನೂ ಕೇಳಿ, ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ಸುತ್ತಮುತ್ತ ಇದೆ ಅಂದ ದಿನ ವಾಕಿಂಗ್ ಬಿಡಿ. ಅಂಗಳದಲ್ಲೇ ಸುಮ್ನೆ ಚೆಂಡು ಎಸೆದು ಆಡಿಸಿ, ಲ್ಯಾಬ್ರಡಾರ್‌ಗೆ ಅಷ್ಟಿದ್ದರೂ ಖುಷಿಯೇ.