ಕರವಸ್ತ್ರದ ಮೇಲೆ ಬಾಲ್ ಪೆನ್ನಿನ ಚಿತ್ರ

ಪ್ರಶ್ನೆ: ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಹಿಸ್ಪಾನೊ (ಸ್ಪ್ಯಾನಿಷ್ ಮೂಲದ) ಕೈದಿಗಳು ಕರವಸ್ತ್ರದ ಮೇಲೆ ಶಾಯಿಯಲ್ಲಿ ಬಿಡಿಸಿದ ಚಿತ್ರಗಳನ್ನು ನೋಡಿದೆ. ಕಾಗದ ಬಿಟ್ಟು ಬಟ್ಟೆಯೇಕೆ? ನಾನು ಪ್ರಯತ್ನಿಸಿದಾಗ ಬಟ್ಟೆ ಪೆನ್ನಿನ ಜೊತೆಗೇ ಸರಿದು ಗೆರೆ ಸೊಟ್ಟಗಾಯಿತು.
– ಓದುಗರೊಬ್ಬರು, ಶಿರಾ, ತುಮಕೂರು ಜಿಲ್ಲೆ

ಉತ್ತರ: ಈ ಚಿತ್ರಗಳನ್ನು ‘ಪಾನ್ಯೊ’ ಎನ್ನುತ್ತಾರೆ, ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಬಟ್ಟೆ ಎಂದಷ್ಟೇ ಅರ್ಥ. ನ್ಯೂ ಮೆಕ್ಸಿಕೊ, ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳ ಜೈಲುಗಳಲ್ಲಿ ಬೆಳೆದ ಈ ಕಲೆಯನ್ನು ಕಾಗದವೆಂದೇ, ಅಂದರೆ ಮನೆಗೆ ಬರೆದ ಪತ್ರವೆಂದೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಕರವಸ್ತ್ರ ಕೈದಿಗೆ ಸುಲಭವಾಗಿ ಸಿಗುವ ವಸ್ತು, ಸಿಗದಿದ್ದರೆ ಹಾಸಿಗೆಯ ಹೊದಿಕೆಯನ್ನೋ ದಿಂಬಿನ ಚೀಲವನ್ನೋ ಹರಿದುಕೊಂಡರಾಯಿತು. ಮಡಚಿ ಲಕೋಟೆಯಲ್ಲಿಟ್ಟು ಹೆಂಡತಿಗೋ ತಾಯಿಗೋ ಕಳುಹಿಸಿದರೆ ದಾರಿಯಲ್ಲಿ ಹರಿಯುವ ಭಯವೂ ಇಲ್ಲ. ಕಳುಹಿಸುವವನೇ ಚಿತ್ರಕಾರನಾಗಿರಬೇಕೆಂದೇನಿಲ್ಲ. ಕೈ ಪಳಗಿದ ಸಹಕೈದಿಯೊಬ್ಬ ಕಾಫಿಪುಡಿಯಂಥ ವಸ್ತುವಿಗೆ ಬರೆದುಕೊಡುತ್ತಾನೆ. (ಹಿಂದೆ ನಮ್ಮ ಅಂಚೆ ಕಚೇರಿಗಳ ಜಗಲಿಯಲ್ಲಿ ಕುಳಿತು ಓದುಬರಹ ತಿಳಿಯದವರ ಪತ್ರ ಬರೆದುಕೊಡುತ್ತಿದ್ದವರು ನೆನಪಾಗುತ್ತಾರೆ.)

ಗುಲಾಬಿ, ಮುಳ್ಳಿನ ಕಿರೀಟದ ಕ್ರಿಸ್ತ, ಕಣ್ಣೀರಿಡುವ ಹೆಣ್ಣು, ಮಕ್ಕಳಿಗಾದರೆ ಕಾರ್ಟೂನ್ ಗೊಂಬೆಗಳು ಇದರಲ್ಲಿ ಮತ್ತೆ ಮತ್ತೆ ಬರುತ್ತವೆ. ಮುಳ್ಳುಗಳೇ ಇಲ್ಲದ ಗಡಿಯಾರ ಬಂದರೆ ಅದು ಶಿಕ್ಷೆಯ ದಿನಗಳು ಸರಿಯದಿರುವುದರ ಗುರುತು. ಮೆಕ್ಸಿಕೊದವರು ಆರಾಧಿಸುವ ಮೇರಿ ಮಾತೆಯ ರೂಪವಾದ ಗ್ವಾಡಲೂಪೆ ಮಾತೆಯ ಚಿತ್ರ ಬಟ್ಟೆಗೆ ಬಂದದ್ದರಲ್ಲಿ ಇನ್ನೊಂದು ಸೊಗಸಿದೆ. ಭಕ್ತರ ನಂಬಿಕೆಯಂತೆ 1531ರಲ್ಲಿ ಆ ತಾಯಿಯ ರೂಪ ಮೂಡಿದ್ದು ಹ್ವಾನ್ ದಿಯೇಗೊ ಎಂಬ ಬಡವನ ಹೊದಿಕೆಯ ಮೇಲೆ. ಮೆಕ್ಸಿಕೊ ನಗರದ ಬೆಸಿಲಿಕಾದಲ್ಲಿ (ದೊಡ್ಡ ಚರ್ಚಿನಲ್ಲಿ) ಆ ವಸ್ತ್ರವನ್ನು ಇಂದಿಗೂ ನೋಡಬಹುದು.

ಇನ್ನು ನಿಮ್ಮ ಸೊಟ್ಟ ಗೆರೆಯ ವಿಚಾರ. ಪಾಲಿಯೆಸ್ಟರ್ ಬೆರೆತ ಕರವಸ್ತ್ರ ಬೇಡ, ಅಪ್ಪಟ ಹತ್ತಿಯದನ್ನು ಆರಿಸಿ, ಒಮ್ಮೆ ಒಗೆದು, ತೆಳುವಾಗಿ ಗಂಜಿ ಹಾಕಿ ಇಸ್ತ್ರಿ ಮಾಡಿರಿ. ಅದನ್ನು ರಟ್ಟಿನ ಮೇಲೆ ಬಿಗಿಯಾಗಿ ಎಳೆದು, ಅಂಚುಗಳನ್ನು ಹಿಂದಕ್ಕೆ ಮಡಚಿ ಕ್ಲಿಪ್ ಹಾಕಿದರೆ ಬಟ್ಟೆ ಅಲುಗುವುದಿಲ್ಲ. ಬಾಲ್ ಪೆನ್ನಿನ ಶಾಯಿ ಎಣ್ಣೆಯಂತೆ ಗಟ್ಟಿಯಾದುದರಿಂದ ನೂಲಿನಲ್ಲಿ ಹೆಚ್ಚು ಹರಡುವುದಿಲ್ಲ. ಜೆಲ್ ಪೆನ್ ಅಥವಾ ಇಂಕ್ ಪೆನ್ ಹಿಡಿದರೆ ಗೆರೆಯ ಸುತ್ತ ರೋಮ ಎದ್ದಂತೆ ಕಾಣುತ್ತದೆ. ನೆರಳು ತುಂಬುವಾಗ ಒತ್ತಿ ಎಳೆಯದೆ, ಹಗುರವಾದ ಚಿಕ್ಕ ಗೆರೆಗಳನ್ನು ಒಂದರ ಮೇಲೊಂದು ಹಾಕುತ್ತಾ ಕಪ್ಪನ್ನು ಏರಿಸಬೇಕು, ಪೆನ್ನಿನ ತುದಿಗೆ ಮೆತ್ತಿದ ಶಾಯಿಯನ್ನು ಆಗಾಗ ಬೇರೆ ಚಿಂದಿಗೆ ಒರೆಸಬೇಕು. ಮುಗಿದ ಚಿತ್ರವನ್ನು ಕಿಟಕಿಯ ಬಳಿ ತೂಗುಹಾಕಬೇಡಿ, ಈ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ.