‘ವಿಡಿಯೊ ಇದ್ದರೆ ತೋರಿಸಲಿ ನೋಡೋಣ’

ಅಮೆರಿಕದಲ್ಲಿ ಸಾಮೂಹಿಕ ಗುಂಡಿನ ದಾಳಿಯಾದಾಗಲೆಲ್ಲ ವಿಡಿಯೊ ಸಾಕ್ಷ್ಯ ಪರೀಕ್ಷಿಸುವವರ ಬಳಿ ಅವವೇ ಪ್ರಶ್ನೆಗಳು ಬರುತ್ತವೆ, ಊರ ಹೆಸರಷ್ಟೇ ಬೇರೆ. ಅಂಥ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಟೆಕ್ಸಸ್ ರಾಜ್ಯದ ಯುವಾಲ್ಡಿ ಶಾಲೆಯ ದಾಳಿಯ ವಿಡಿಯೊಗಳನ್ನು ಎರಡು ವರ್ಷ ತಡೆಹಿಡಿದರು. ಸ್ಯಾಂಡಿ ಹುಕ್ ಶಾಲೆಯದನ್ನು ಇವತ್ತಿಗೂ ತೋರಿಸಿಲ್ಲ. ಬಚ್ಚಿಡುತ್ತಾರೆಂದರೆ ಒಳಗೆ ಏನೋ ಇದೆ ಎಂದೇ ಅಲ್ಲವೇ?

ಎರಡನ್ನೂ ಒಂದೇ ಗೂಟಕ್ಕೆ ಕಟ್ಟಬೇಡಿ. ಸ್ಯಾಂಡಿ ಹುಕ್‌ನಲ್ಲಿ 2012ರ ಡಿಸೆಂಬರ್ 14ರಂದು 20 ಮಕ್ಕಳು, 6 ಮಂದಿ ಸಿಬ್ಬಂದಿ ಸತ್ತರು. ಅಲ್ಲಿನ ಮುಂಬಾಗಿಲ ಕ್ಯಾಮೆರಾ ಇದ್ದದ್ದು ಗಂಟೆ ಒತ್ತಿದವರ ಮುಖ ನೋಡಿ ಬಾಗಿಲು ತೆಗೆಯುವುದಕ್ಕೆ. ಅದು ರೆಕಾರ್ಡ್ ಮಾಡುತ್ತಲೇ ಇರಲಿಲ್ಲ. ಇಲ್ಲದ್ದನ್ನು ಬಚ್ಚಿಡುವುದಾದರೂ ಹೇಗೆ? ತಡೆಹಿಡಿದದ್ದು ಮಕ್ಕಳ ದೇಹಗಳಿದ್ದ ಚಿತ್ರಗಳನ್ನು. ಅಂಥವು ಹೊರಬೀಳದಂತೆ ಕನೆಕ್ಟಿಕಟ್ ರಾಜ್ಯ 2013ರಲ್ಲಿ ಕಾನೂನನ್ನೇ ತಂದಿತು. ಆ ದಾಳಿ ಬರೀ ನಾಟಕ ಎಂದು ವರ್ಷಗಟ್ಟಲೆ ಸಾರಿದ ರೇಡಿಯೊ ನಿರೂಪಕ ಅಲೆಕ್ಸ್ ಜೋನ್ಸ್‌ಗೆ 2022ರ ಅಕ್ಟೋಬರ್‌ನಲ್ಲಿ ಅಲ್ಲಿನ ಜ್ಯೂರಿ ವಿಧಿಸಿದ ಪರಿಹಾರ ಸುಮಾರು 96.5 ಕೋಟಿ ಡಾಲರ್.

ಯುವಾಲ್ಡಿಯ ಕತೆಯೇ ಬೇರೆ. 2022ರ ಮೇ 24ರಂದು ಬಂದೂಕುಧಾರಿ ಶಾಲೆಯೊಳಗೆ ಹೊಕ್ಕಿದ್ದು 11:33ಕ್ಕೆ. ಪೊಲೀಸರು ಅವನಿದ್ದ ತರಗತಿಗೆ ನುಗ್ಗಿದ್ದು 12:50ಕ್ಕೆ. ನಡುವೆ 77 ನಿಮಿಷ. ಸತ್ತವರು 19 ಮಕ್ಕಳು, ಇಬ್ಬರು ಶಿಕ್ಷಕಿಯರು. ಶಾಲೆಯ ಪೊಲೀಸ್ ಅವನನ್ನು ಬಾಗಿಲಲ್ಲೇ ಎದುರಿಸಿದ ಎಂದು ಮೊದಲು ಹೇಳಿದರು, ಸುಳ್ಳಾಯಿತು. ಶಿಕ್ಷಕಿ ಬಾಗಿಲಿಗೆ ಕಲ್ಲು ಕೊಟ್ಟು ತೆರೆದಿಟ್ಟಿದ್ದರು ಎಂದರು, ಅದೂ ಸುಳ್ಳಾಯಿತು. ಆಕೆ ಬಾಗಿಲು ಎಳೆದುಕೊಂಡಿದ್ದರು, ಬೀಗ ಬಿದ್ದಿರಲಿಲ್ಲ. ಜುಲೈನಲ್ಲಿ ಆಸ್ಟಿನ್ನಿನ ಪತ್ರಿಕೆಯೊಂದು ಹಜಾರದ ವಿಡಿಯೊವನ್ನು ಹೊರಹಾಕಿದಾಗ, ಗುರಾಣಿ, ರೈಫಲ್ ಹಿಡಿದು ನಿಂತವರ ನಡುವೆ ಒಬ್ಬ ಅಧಿಕಾರಿ ಗೋಡೆಯ ಡಬ್ಬಿಯಿಂದ ಸ್ಯಾನಿಟೈಸರ್ ತೆಗೆದು ಕೈ ಉಜ್ಜಿಕೊಳ್ಳುವುದನ್ನು ಇಡೀ ದೇಶ ನೋಡಿತು. ನಗರ ಪೊಲೀಸರ ಬಾಡಿಕ್ಯಾಮ್ (ಮೈಮೇಲೆ ಸಿಕ್ಕಿಸಿಕೊಂಡ ಕ್ಯಾಮೆರಾ) ದೃಶ್ಯಗಳು ಬಂದದ್ದು 2024ರ ಆಗಸ್ಟ್‌ನಲ್ಲಿ, ಮಾಧ್ಯಮ ಸಂಸ್ಥೆಗಳು ಕೋರ್ಟು ಹತ್ತಿದ ಮೇಲೆ.

ಹಾಗಾಗಿ ‘ಬಚ್ಚಿಟ್ಟರೋ ಇಲ್ಲವೋ’ ಎಂಬುದು ಕೆಲಸಕ್ಕೆ ಬಾರದ ಪ್ರಶ್ನೆ. ತಡೆಹಿಡಿದದ್ದರಿಂದ ಯಾರ ಮಾನ ಉಳಿಯುತ್ತದೆ, ಸತ್ತ ಮಗುವಿನದೋ, ಬದುಕಿರುವ ಅಧಿಕಾರಿಯದೋ? ಅದನ್ನು ನೋಡಿ. 2023ರ ಮಾರ್ಚ್‌ನಲ್ಲಿ ನ್ಯಾಶ್‌ವಿಲ್ ಶಾಲೆಯ ದಾಳಿಯಾದ ಮರುದಿನವೇ ಬಾಡಿಕ್ಯಾಮ್ ವಿಡಿಯೊ ಹೊರಬಂತು. ಅಲ್ಲಿ ಪೊಲೀಸರು ತಡಮಾಡದೆ ಒಳನುಗ್ಗಿದ್ದರು. ಚೆನ್ನಾಗಿ ಆದ ಕೆಲಸವನ್ನು ತೋರಿಸಲು ಯಾರಿಗೂ ಕಾನೂನಿನ ತೊಡಕು ಎದುರಾಗುವುದಿಲ್ಲ.

‘ಮುಖ ಮಸುಕು ಮಾಡಬೇಕು, ಸಮಯ ಬೇಕು’ ಎಂಬ ನೆಪದಲ್ಲಿ ಅರ್ಧ ನಿಜವಿದೆ. ಸೆಕೆಂಡಿಗೆ 30 ಫ್ರೇಮಿನಂತೆ (ಫ್ರೇಮ್ ಎಂದರೆ ವಿಡಿಯೊದ ಒಂದು ಬಿಡಿ ಚಿತ್ರ) 77 ನಿಮಿಷಕ್ಕೆ 1,38,600 ಫ್ರೇಮು, ಅದೂ ಒಂದೇ ಕ್ಯಾಮೆರಾಕ್ಕೆ. ಮುಖವನ್ನು ತಾನೇ ಹಿಂಬಾಲಿಸುವ ಸಾಫ್ಟ್‌ವೇರ್ ಮಗು ತಲೆ ತಿರುಗಿಸಿದ ಕೂಡಲೇ ಗುರಿ ತಪ್ಪುತ್ತದೆ. ಅಲ್ಲಿ ಮನುಷ್ಯನೇ ಕೂತು ಫ್ರೇಮ್ ಫ್ರೇಮ್ ಸರಿಪಡಿಸಬೇಕು. ಕಿಟಕಿಯ ಗಾಜಿನಲ್ಲಿ ಬಿದ್ದ ಪ್ರತಿಬಿಂಬ, ಗೋಡೆಗೆ ಅಂಟಿಸಿದ ಮಕ್ಕಳ ಹೆಸರು, ರೇಡಿಯೊದಲ್ಲಿ ಕೂಗಿದ ಫೋನ್ ನಂಬರು ಎಲ್ಲವೂ ಅಲ್ಲಿರುತ್ತವೆ. ಒಂದೇ ಫ್ರೇಮ್ ಕೈತಪ್ಪಿದರೂ ಯಾರೋ ಅದನ್ನೇ ಚಿತ್ರ ಮಾಡಿ ಹಂಚುತ್ತಾರೆ. ಇಷ್ಟಕ್ಕೆಲ್ಲ ವಾರಗಳು ಬೇಕು, ತಿಂಗಳುಗಳೂ ಬೇಕಾಗಬಹುದು. ಎರಡು ವರ್ಷ ಬೇಡ.

ಇಲಾಖೆಗೆ ಅರ್ಜಿ ಹಾಕಿ ವಿಡಿಯೊ ಕೇಳುವವರು, ಕೇಳುವುದನ್ನು ಸರಿಯಾಗಿ ಕೇಳಿ. ‘ಎಲ್ಲ ವಿಡಿಯೊ ಕೊಡಿ’ ಎಂದು ಬರೆದರೆ ತಿರಸ್ಕಾರ ಖಚಿತ. ಯಾವ ಸ್ಥಳದ ಕ್ಯಾಮೆರಾ, ಎಷ್ಟರಿಂದ ಎಷ್ಟು ಗಂಟೆ ಎಂದು ಬರೆಯಿರಿ. ವಿಡಿಯೊ ಕೊಡದಿದ್ದರೂ ಪಟ್ಟಿ ಕೊಡಿ ಎನ್ನಿ: ಒಟ್ಟು ಎಷ್ಟು ಕಡತ, ವಶಪಡಿಸಿಕೊಂಡ ದಿನ, ಅಂದೇ ಬರೆದಿಟ್ಟ ಹ್ಯಾಶ್ (ಕಡತದ ಬೆರಳಚ್ಚಿನಂಥ ಸಂಕೇತ; ಕಡತ ಚೂರು ಬದಲಾದರೂ ಇದು ಬದಲಾಗುತ್ತದೆ), ಯಾರ ಕೈಯಿಂದ ಯಾರ ಕೈಗೆ ಹೋಯಿತು, ರೆಕಾರ್ಡರಿನ ಗಡಿಯಾರ ನಿಜ ಸಮಯಕ್ಕಿಂತ ಎಷ್ಟು ಹಿಂದೆ ಮುಂದೆ ಇತ್ತು. ಹ್ಯಾಶ್ ಇವತ್ತೇ ದಾಖಲಾದರೆ ಮೂರು ವರ್ಷದ ನಂತರ ಕೊಟ್ಟದ್ದು ಅದೇ ಕಡತವೋ ಅಲ್ಲವೋ ಆಗ ಗೊತ್ತಾಗುತ್ತದೆ. ಆದರೆ ಮಸುಕು ಮಾಡಿದ ಪ್ರತಿಯ ಹ್ಯಾಶ್ ಮೂಲದ್ದಕ್ಕೆ ಹೊಂದುವುದಿಲ್ಲ, ಅದಕ್ಕೆ ಬೊಬ್ಬೆ ಹಾಕಬೇಡಿ. ಎಲ್ಲೆಲ್ಲಿ ಏನು ಮರೆಮಾಡಿದರು ಎಂಬ ಟಿಪ್ಪಣಿ ಕೇಳಿ. ನಿರಾಕರಿಸಿದರೆ ಯಾವ ಕಲಮಿನಡಿ ಎಂದು ಬರವಣಿಗೆಯಲ್ಲೇ ಪಡೆಯಿರಿ. ಟೆಕ್ಸಸ್‌ನಲ್ಲಿ ಮಾಹಿತಿ ತಡೆಹಿಡಿಯಬೇಕೆನ್ನುವ ಇಲಾಖೆ 10 ಕೆಲಸದ ದಿನಗಳೊಳಗೆ ಅಟಾರ್ನಿ ಜನರಲ್ ಅಭಿಪ್ರಾಯ ಕೇಳಬೇಕು, ಆ ದಿನಾಂಕ ಗುರುತಿಟ್ಟುಕೊಳ್ಳಿ. ಅಲ್ಲಿಯ ಇನ್ನೊಂದು ಕಲಮು ಶಿಕ್ಷೆಯಲ್ಲಿ ಮುಗಿಯದ ಪ್ರಕರಣಗಳ ದಾಖಲೆಯನ್ನು ಮುಚ್ಚಿಡಲು ಬಿಡುತ್ತದೆ. ನಿರಪರಾಧಿಗಳ ರಕ್ಷಣೆಗೆಂದು ಮಾಡಿದ್ದು. ಆದರೆ ಸತ್ತ ಆರೋಪಿಗೆ ಶಿಕ್ಷೆ ಎಂದೂ ಆಗುವುದಿಲ್ಲವಲ್ಲ, ಕೊಡಲು ಮನಸ್ಸಿಲ್ಲದ ಇಲಾಖೆಗೆ ಇದಕ್ಕಿಂತ ಒಳ್ಳೆಯ ಬೀಗ ಬೇಕೆ? ಪೂರ್ತಿ ಸಿಗದಿದ್ದರೆ ಭಾಗ ಕೇಳಿ. 2018ರ ಪಾರ್ಕ್‌ಲ್ಯಾಂಡ್ ಶಾಲೆಯ ದಾಳಿಯಲ್ಲಿ ಕಟ್ಟಡದ ಹೊರಗಿನ ದೃಶ್ಯವನ್ನು ಕೋರ್ಟು ಬಿಡಿಸಿತು. ಶಸ್ತ್ರಧಾರಿ ಅಧಿಕಾರಿ ಹೊರಗೇ ನಿಂತದ್ದು ತಿಳಿಯಲು ಅಷ್ಟು ಸಾಕಾಯಿತು, ಒಂದು ಮಗುವಿನ ಹೆಣವನ್ನೂ ತೋರಿಸಬೇಕಾಗಲಿಲ್ಲ.

ಬಾಡಿಕ್ಯಾಮ್‌ನ ವಿಡಿಯೊದ ಮೊದಲ ಅರ್ಧ ನಿಮಿಷದಲ್ಲಿ ಸದ್ದೇ ಇಲ್ಲ. ಅಳಿಸಿದ್ದಾರಲ್ಲವೇ?

ಇಲ್ಲ. ಗುಂಡಿ ಒತ್ತುವ ಮುಂಚಿನ 30 ಸೆಕೆಂಡನ್ನು ಕ್ಯಾಮೆರಾ ಸಾಮಾನ್ಯವಾಗಿ ಸದ್ದಿಲ್ಲದೆಯೇ ಉಳಿಸಿಕೊಳ್ಳುತ್ತದೆ. ಸದ್ದು ಶುರುವಾದ ಕ್ಷಣವೇ ಗುಂಡಿ ಒತ್ತಿದ ಕ್ಷಣ.

ಪ್ರಶ್ನೆ: ಸಿಸಿಟಿವಿಯಲ್ಲಿ ಮನುಷ್ಯ ತಟ್ಟನೆ ಮಾಯವಾಗಿ ಮೂರು ಮೀಟರ್ ಆಚೆ ಕಾಣುತ್ತಾನೆ.

ಹೆಚ್ಚಾಗಿ ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುವ ಯಂತ್ರ ಅದು. ತಯಾರಕರ ಪ್ಲೇಯರ್‌ನಲ್ಲಿ ಮೂಲ ಕಡತ ತೆರೆದು ಒಂದೊಂದು ಫ್ರೇಮಿನ ಸಮಯ ನೋಡಿ. ವಾಟ್ಸ್ಯಾಪ್‌ನಲ್ಲಿ ಹತ್ತು ಕೈ ದಾಟಿ ಬಂದ ಪ್ರತಿಯನ್ನು ಇಟ್ಟುಕೊಂಡು ನನ್ನೊಡನೆ ವಾದಕ್ಕೆ ಬರಬೇಡಿ.

ಯೂಟ್ಯೂಬ್‌ನಲ್ಲಿ ಒಬ್ಬರು ದೃಶ್ಯವನ್ನು ದೊಡ್ಡದು ಮಾಡಿ, ಎಐನಿಂದ ಸ್ಪಷ್ಟಗೊಳಿಸಿ, ಎರಡನೆಯ ಬಂದೂಕುಧಾರಿಯನ್ನು ತೋರಿಸಿದ್ದಾರೆ.

ಆ ಮುಖವನ್ನು ಸಾಫ್ಟ್‌ವೇರ್ ಬಿಡಿಸಿದೆ, ಕ್ಯಾಮೆರಾ ಹಿಡಿದದ್ದಲ್ಲ. ಹನ್ನೆರಡು ಪಿಕ್ಸೆಲ್ ಅಗಲದ ತಲೆಯಲ್ಲಿ ಮೂಗು ಎಲ್ಲಿದೆ ಎಂಬುದೇ ಗೊತ್ತಾಗದು. ಅಂಥವರಿಗೆ ವೀಕ್ಷಣೆಯ ಲೆಕ್ಕದಲ್ಲಿ ಹಣ ಬರುತ್ತದೆ, ಸತ್ತವರ ಮನೆಗೆ ಬೆದರಿಕೆ ಕರೆ ಬರುತ್ತವೆ.

ಪ್ರಶ್ನೆ: 2017ರ ಲಾಸ್ ವೇಗಸ್ ದಾಳಿಯಲ್ಲಿ ಹೋಟೆಲಿನ ಕಾವಲುಗಾರನಿಗೆ ಗುಂಡು ಬಿದ್ದ ಸಮಯವನ್ನು ಪೊಲೀಸರು ಬದಲಿಸಿದ್ದೇಕೆ?

ಪರಿಶೀಲಿಸುವ ಮೊದಲೇ ಮೈಕಿನ ಮುಂದೆ ನಿಂತದ್ದರಿಂದ. ಗುಂಡು ಬಿದ್ದದ್ದು 9:59ಕ್ಕೆ ಎಂದುಬಿಟ್ಟಿದ್ದರು. 9:59 ಆತ 32ನೇ ಮಹಡಿಯ ಮುಚ್ಚಿದ ಬಾಗಿಲ ಬಳಿ ಬಂದ ಸಮಯ, ಗುಂಡು ಬಿದ್ದದ್ದು 10:05ರ ಸುಮಾರಿಗೆ. ಆ ಆರು ನಿಮಿಷದ ಅಂತರದಲ್ಲಿ ಪಿತೂರಿಯ ಕತೆ ಕಟ್ಟುವವರು ಇನ್ನೂ ಸಂಸಾರ ಹೂಡಿಕೊಂಡಿದ್ದಾರೆ.

ಕ್ರೈಸ್ಟ್‌ಚರ್ಚ್ ದಾಳಿಯ ಪೂರ್ತಿ ವಿಡಿಯೊ ಎಲ್ಲಿ ಸಿಗುತ್ತದೆ? ಸತ್ಯ ತಿಳಿಯಬೇಕಿದೆ.

ಕೊಂದವನೇ ಪ್ರಚಾರಕ್ಕೆಂದು ತೆಗೆದ ವಿಡಿಯೊ ಅದು. ನ್ಯೂಜಿಲೆಂಡ್‌ನಲ್ಲಿ ಹಂಚಿದರೆ 14 ವರ್ಷದವರೆಗೆ ಜೈಲು. ಮುಂದಿನ ಪ್ರಶ್ನೆ.

ಪ್ರಶ್ನೆ: ನಮ್ಮ ಕಟ್ಟಡದ ಕ್ಯಾಮೆರಾದಲ್ಲಿ ಇಂಥದ್ದು ದಾಖಲಾದರೆ ಮೊದಲು ಏನು ಮಾಡಬೇಕು?

ರೆಕಾರ್ಡರ್ ಹಳೆಯ ದೃಶ್ಯದ ಮೇಲೆ ಹೊಸದು ಬರೆಯುವುದನ್ನು ನಿಲ್ಲಿಸಿ. ರೆಕಾರ್ಡರಿನ ಪರದೆಯ ಪಕ್ಕ ಫೋನ್ ಹಿಡಿದು ಎರಡರ ಗಡಿಯಾರವೂ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಗಡಿಯಾರ ತಪ್ಪಿದ್ದರೂ ಸರಿಮಾಡಲು ಹೋಗಬೇಡಿ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಯಾರಿಗೂ ಕಳಿಸಬೇಡಿ.