ಮಿಡಿ ಸಿಗದ ವರ್ಷ ಹೆಸರನ್ನು ಕಾಯುವುದು ಹೇಗೆ?

ಪ್ರಶ್ನೆ: ಒಂಬತ್ತು ವರ್ಷಗಳಿಂದ ಅಪ್ಪೆಮಿಡಿ (ಮಲೆನಾಡಿನ ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡಿ ಮಾರುತ್ತಿದ್ದೇನೆ. ಜೊತೆಗೆ ಊರಿನ ಐವರು ಹೆಂಗಸರು ದುಡಿಯುತ್ತಾರೆ. ಈ ಸಲ ಮರಗಳಲ್ಲಿ ಮಿಡಿ ನಿಲ್ಲಲಿಲ್ಲ. ಬೇಕಾದುದರಲ್ಲಿ ಮೂರನೆಯ ಒಂದು ಪಾಲೂ ಸಿಕ್ಕಿಲ್ಲ. ವ್ಯಾಪಾರಿಯೊಬ್ಬರು ಬೇರೆ ಕಡೆಯ ಮಿಡಿಯನ್ನು ಅರ್ಧ ಬೆಲೆಗೆ ತಂದುಕೊಡುತ್ತೇನೆ ಎನ್ನುತ್ತಿದ್ದಾರೆ. ಬೆಂಗಳೂರಿನಲ್ಲಿರುವ ಮಗ, ಬಾಟಲಿ ಅಂಗಡಿಯಲ್ಲಿ ಕಾಣದೇ ಹೋದರೆ ಜನ ಮರೆಯುತ್ತಾರೆ, ಬ್ರ್ಯಾಂಡ್ ಕಟ್ಟಬೇಕು ಎಂದು ಹೇಳಿ ಹೊಸ ಲೇಬಲ್, ಲೋಗೋಗೆ 60 ಸಾವಿರ ರೂಪಾಯಿಯ ಅಂದಾಜು ತರಿಸಿದ್ದಾನೆ. ಏನು ಮಾಡಲಿ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ತಂಗಿ, ಆ ಮಿಡಿಯನ್ನು ನಿಮ್ಮ ಈಗಿನ ಲೇಬಲ್ ಅಂಟಿಸಿದ ಬಾಟಲಿಗೆ ಹಾಕಬೇಡಿ. ಲೋಗೋದ ಮಾತು ಆಮೇಲೆ.

ಮೈಸೂರಿನಲ್ಲಿ ಮೂವತ್ತು ವರ್ಷ ಮಸಾಲೆ ಊದುಬತ್ತಿ ಹೊಸೆಸಿ ಮಾರಿದವನು ನಾನು. ಒಂದು ವರ್ಷ ಒಳ್ಳೆಯ ಹಾಲುಮಡ್ಡಿ ಸಿಗಲಿಲ್ಲ. ಹಿಟ್ಟನ್ನು ಹಿಡಿದಿಟ್ಟು, ಬತ್ತಿ ನಿಧಾನವಾಗಿ ಉರಿಯುವಂತೆ ಮಾಡುವ ಅಂಟು ಅದು. ಅದಕ್ಕೆ ಅದರದೇ ಆದ ಮೆಲುವಾದ ಪರಿಮಳವೂ ಇದೆ. ಅದರ ಬದಲು ಅಗ್ಗದ ಅಂಟು ಬೆರೆಸಿದೆ, ಕಡಿಮೆಯಾದ ವಾಸನೆಗೆ ಎಣ್ಣೆ ಹೆಚ್ಚಿಸಿದೆ, ಅದೇ ಹಳದಿ ಪೊಟ್ಟಣಕ್ಕೆ ತುಂಬಿಸಿದೆ. ಹದಿನೈದು ದಿನಗಳ ನಂತರ ಅಗ್ರಹಾರದ ಅಜ್ಜಿಯೊಬ್ಬರು ಅರ್ಧ ಖಾಲಿಯಾದ ಪೊಟ್ಟಣವನ್ನು ಗಲ್ಲಾದ ಮೇಲಿಟ್ಟು, "ಇದು ನಿಮ್ಮದಲ್ಲ" ಎಂದರು. ಪೊಟ್ಟಣದ ಮೇಲೆ ನನ್ನ ಹೆಸರೇ ಇತ್ತು. ನಾನು ಏನೂ ಹೇಳಲಾಗಲಿಲ್ಲ. ಅವರು ಬಂದು ಹೇಳಿದರು. ಹೇಳದೆಯೇ ಬೇರೆ ಅಂಗಡಿಗೆ ಹೋದವರು ಎಷ್ಟು ಜನ ಎಂಬುದು ಮುಂದಿನ ದಸರೆಯ ಲೆಕ್ಕದಲ್ಲಿ ಕಂಡಿತು. ಆ ಗಿರಾಕಿಗಳನ್ನು ಮರಳಿ ಪಡೆಯಲು ಎರಡು ವರ್ಷ ಹಿಡಿಯಿತು.

ಬ್ರ್ಯಾಂಡ್ ಎಂದರೆ ಏನೆಂದು ಆ ಅಜ್ಜಿಯಿಂದ ಕಲಿತೆ. ಮುಚ್ಚಳ ತೆಗೆಯುವ ಮೊದಲೇ ಒಳಗೆ ಏನಿದೆಯೆಂದು ಕೊಳ್ಳುವವರಿಗೆ ಗೊತ್ತಿರುತ್ತದೆ. ಆ ಭರವಸೆಗೆ ಅವರು ದುಡ್ಡು ಕೊಡುತ್ತಾರೆ. ಬೆಳೆ ಚೆನ್ನಾಗಿ ಬಂದ ವರ್ಷ ಅದನ್ನು ಉಳಿಸಿಕೊಳ್ಳುವುದು ಕಷ್ಟವಲ್ಲ. ನಿಮಗೀಗ ಬಂದಿರುವಂಥ ವರ್ಷದಲ್ಲಿ ಅದರ ಬೆಲೆ ತೆರಬೇಕಾಗುತ್ತದೆ.

ಬೆಂಗಳೂರಿನ ಎಂಟಿಆರ್ ಆ ಬೆಲೆ ತೆತ್ತಿತು. 1924ರಲ್ಲಿ ಯಜ್ಞನಾರಾಯಣ ಮಯ್ಯರು ತಮ್ಮ ಸಹೋದರರೊಂದಿಗೆ ಆರಂಭಿಸಿದ ಹೋಟೆಲು ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಅವರು ಅಕ್ಕಿಗೆ ಬೇರೇನನ್ನೋ ಬೆರೆಸಿ ಅದನ್ನೇ ಇಡ್ಲಿ ಎಂದು ಬಡಿಸಲಿಲ್ಲ. ರವೆಯಿಂದ ಮಾಡಿ, ರವೆ ಇಡ್ಲಿ ಎಂದೇ ಕರೆದರು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗಳ ಬೆಲೆಯನ್ನು ಕಟ್ಟುನಿಟ್ಟಾಗಿ ಇಳಿಸಿದಾಗ, ಆ ಬೆಲೆಗೆ ತಮ್ಮ ಗುಣಮಟ್ಟದ ತಿಂಡಿ ಕೊಡಲಾಗದೆ ಹೋಟೆಲನ್ನೇ ಮುಚ್ಚಿದರು. ತುಪ್ಪ ಕಡಿಮೆ ಮಾಡಿ ಬಾಗಿಲು ತೆರೆದಿಡಬಹುದಿತ್ತು. ಹಾಗೆ ಮಾಡದೆ, ಕೆಲಸಗಾರರ ಕೈಗೆ ಕೆಲಸ ಇರಲೆಂದು ಚಟ್ನಿಪುಡಿ, ತಿಂಡಿಗಳ ಸಿದ್ಧ ಹಿಟ್ಟುಗಳನ್ನು ಪೊಟ್ಟಣ ಕಟ್ಟಿ ಮಾರಿದರು. ವರ್ಷಗಳ ನಂತರ ಹೋಟೆಲು ಮತ್ತೆ ತೆರೆಯಿತು, ಜನರೂ ಮತ್ತೆ ಸಾಲು ನಿಂತರು. ನಿಮ್ಮ ಐವರು ಹೆಂಗಸರ ದೃಷ್ಟಿಯಿಂದ ಈ ಕಥೆಯನ್ನು ಇನ್ನೊಮ್ಮೆ ಓದಿ.

ಈ ವರ್ಷ ನಿಮ್ಮ ಮಿಡಿ ಎಷ್ಟು ಭರಣಿಗೆ ಸಾಕಾಗುತ್ತದೋ ಅಷ್ಟನ್ನೇ ಹಳೆಯ ಹೆಸರಿನಲ್ಲಿ ಮಾರಿ. ಹಳೆಯ ಗಿರಾಕಿಗಳಿಗೆ ಮೊದಲು ಕಾಗದ ಬರೆಯಿರಿ: ಮಿಡಿ ನಿಂತಿಲ್ಲ, ಮನೆಗೆ ಎರಡು ಬಾಟಲಿಗಿಂತ ಹೆಚ್ಚು ಕೊಡಲಾಗದು. ಬೆಲೆ ಸ್ವಲ್ಪ ಏರಿಸಿದರೂ ಅವರು ಒಪ್ಪುತ್ತಾರೆ. ಉಳಿದ ತಿಂಗಳುಗಳಿಗೆ ನಿಂಬೆ, ಕರಂಡೆ, ಮಾವಿನ ಹೋಳಿನ ಉಪ್ಪಿನಕಾಯಿ ಹಾಕಿ. ವ್ಯಾಪಾರಿಯ ಮಿಡಿಯೂ ಚೆನ್ನಾಗಿದ್ದರೆ ಕೊಳ್ಳಿ, ಆದರೆ ಬೇರೆ ಲೇಬಲ್ಲಿನಲ್ಲಿ 'ಮಾವಿನಮಿಡಿ' ಎಂದಷ್ಟೇ ಬರೆಯಿರಿ. ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಅಂದರೆ ಆ ಹೆಸರು ಗೊತ್ತಾದ ಪ್ರದೇಶದ ಬೆಳೆಗಷ್ಟೇ ಸಲ್ಲುತ್ತದೆ. ಬೇರೆ ಮಿಡಿಗೆ ಆ ಹೆಸರು ಹಾಕಿದರೆ ತಪ್ಪು ಗಿರಾಕಿಗೆ ಮಾತ್ರವಲ್ಲ, ನಿಮ್ಮ ಹೊಳೆದಂಡೆಯ ಬೆಳೆಗಾರರಿಗೂ ಆಗುತ್ತದೆ. ತೊಟ್ಟು ಮುರಿದಾಗ ಹೊಮ್ಮುವ ಸೊನೆಯ ಪರಿಮಳ ಬಲ್ಲವರನ್ನು ಮೋಸ ಮಾಡುವುದು ಸಾಧ್ಯವೂ ಇಲ್ಲ.

ಇನ್ನು ಮಗನ ಮಾತು. ಅವನು ಹೇಳುವುದರಲ್ಲಿ ಅರ್ಧ ನಿಜವಿದೆ. ಮೈಸೂರು ಸ್ಯಾಂಡಲ್ ಸಾಬೂನಿನ ಅಂಡಾಕಾರ, ಒಡವೆಯ ಪೆಟ್ಟಿಗೆಯಂಥ ಅದರ ಡಬ್ಬಿ, ಪುರಾಣದ ಪ್ರಾಣಿ ಶರಭದ ಚಿಹ್ನೆ ಇವೆಲ್ಲ ಯೋಚಿಸಿಯೇ ಮಾಡಿದವು. ಆದರೆ ನಮ್ಮ ಅಮ್ಮ ಆ ಸಾಬೂನಿನ ಖಾಲಿ ಡಬ್ಬಿಯನ್ನು ರೇಷ್ಮೆ ಸೀರೆಗಳ ನಡುವೆ ಇಡುತ್ತಿದ್ದುದು ಚಿತ್ರಕ್ಕಾಗಿ ಅಲ್ಲ, ಅದರಲ್ಲಿ ಉಳಿದ ಗಂಧದ ಪರಿಮಳಕ್ಕಾಗಿ. 60 ಸಾವಿರದಲ್ಲಿ ಮೊದಲು ಭರಣಿಗಳನ್ನು ಕೊಳ್ಳಿ; ಮುಂದಿನ ಫಸಲಿನಲ್ಲಿ ಹೆಚ್ಚು ಮಿಡಿ ಉಪ್ಪಿಗೆ ಹಾಕಿಟ್ಟರೆ ಇಂಥ ವರ್ಷವನ್ನು ದಾಟಬಹುದು. ಉಳಿದ ಹಣದಲ್ಲಿ ಓದಲು ಬರುವಂಥ, ಎಣ್ಣೆ ತಾಗಿದರೆ ಅಳಿಸದ ಲೇಬಲ್ ಮಾಡಿಸಿ.

ಪ್ರಶ್ನೆ: ತಂದೆ ನಡೆಸುತ್ತಿದ್ದ ಖಾರ–ಚಟ್ನಿಪುಡಿಯ ಅಂಗಡಿಯನ್ನು ನಾವಿಬ್ಬರು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಎರಡು ಅಂಗಡಿ ಮಾಡಿದ್ದೇವೆ. ಹೆಸರು ಒಂದೇ. ಅಣ್ಣನ ಅಂಗಡಿಯ ದೂರು ನನಗೆ ಬರುತ್ತದೆ. ಹೆಸರು ಯಾರದು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಗಿರಾಕಿಯ ಲೆಕ್ಕದಲ್ಲಿ ಅದು ನಿಮ್ಮ ತಂದೆಯವರದು. ಜಗಳ ಕೋರ್ಟು ಹತ್ತುವ ಮೊದಲು ಇಬ್ಬರೂ ಒಪ್ಪಿ ಟ್ರೇಡ್‌ಮಾರ್ಕ್ ನೋಂದಣಿಗೆ ಅರ್ಜಿ ಹಾಕಿ. ನೋಂದಣಿ 10 ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು. 'ದಾವಣಗೆರೆ ಖಾರ' ಎಂಬಂಥ ಊರು–ಪದಾರ್ಥದ ಹೆಸರಾದರೆ ಸಾಮಾನ್ಯವಾಗಿ ಸಿಗುವುದಿಲ್ಲ. ತಂದೆಯವರ ಹೆಸರು ಸೇರಿದ್ದರೆ ದಾರಿ ಸುಲಭ. ಯಾರು ಯಾವ ಪದಾರ್ಥ ಮಾರಬೇಕು, ಒಬ್ಬರು ಮುಂದೆ ಅಂಗಡಿಯನ್ನೇ ಮಾರಿಬಿಟ್ಟರೆ ಹೆಸರು ಏನಾಗಬೇಕು ಎಂಬುದನ್ನು ಕರಾರಿನಲ್ಲಿ ಬರೆಯಿರಿ. ಎಂಟಿಆರ್‌ನಲ್ಲಿ ಹೋಟೆಲು ಮಯ್ಯ ಕುಟುಂಬದಲ್ಲಿ ಉಳಿಯಿತು, ಪೊಟ್ಟಣದ ತಿಂಡಿಗಳ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಇಂದಿಗೂ ಎರಡರ ಮೇಲೂ ಒಂದೇ ಮೂರಕ್ಷರ ಇದೆ.

ಅದಕ್ಕಿಂತ ಮೊದಲು ಅಣ್ಣನ ಅಂಗಡಿಯ ಚಟ್ನಿಪುಡಿಯನ್ನೂ ನಿಮ್ಮದನ್ನೂ ತಾಯಿಯವರ ಮುಂದಿಟ್ಟು ರುಚಿ ನೋಡಲು ಹೇಳಿ. ಅವರು ಹೇಳುವ ಅಳತೆಯನ್ನು ಇಬ್ಬರೂ ಬರೆದುಕೊಂಡು, ಆ ಹಾಳೆಯನ್ನೂ ಕರಾರಿನ ಜೊತೆ ಸೇರಿಸಿ ಸಹಿ ಮಾಡಿ.